ನಡೆಯುತ್ತಿರುವುದನ್ನು ಕೀಳಬೇಡಿ

ಮಕ್ಕಳೇ, ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ತೋಟದ ಮನೆಗಳಿಂದ ಹೊರಟು ಸಾಫ್ಟ್‌ವೇರ್ ಕಲಿತವರು ನೀವು. ಇವತ್ತಲ್ಲ ನಾಳೆ ಊರಿನ ಸಹಕಾರ ಸಂಘದವರೋ ಮಂಡಿಯವರೋ ಕರೆದು, "ನಮ್ಮ ವೆಬ್‌ಸೈಟ್ ಇದೆ, ಅದರಲ್ಲೇ ಟೆಂಡರ್ ಹಾಕೋ ಹಾಗೆ ಮಾಡಿಕೊಡಪ್ಪ" ಎನ್ನುತ್ತಾರೆ. ಈ ಸೀಮೆಗೆ ಅದು ಹೊಸದಲ್ಲ. 2014ರಲ್ಲಿ ರಾಜ್ಯ ಏಕೀಕೃತ ಮಾರುಕಟ್ಟೆ ವೇದಿಕೆ ತಂದಿತು. ತಿಪಟೂರು ಎಪಿಎಂಸಿಯಲ್ಲಿ ಉಂಡೆ ಕೊಬ್ಬರಿಯ ಲಾಟುಗಳಿಗೆ ವರ್ತಕರು ಕಂಪ್ಯೂಟರಿನಲ್ಲೇ ದರ ಹಾಕುತ್ತಾರೆ. ತಿಂಗಳುಗಟ್ಟಲೆ ಅಟ್ಟದ ಮೇಲಿಟ್ಟು, ಸುಲಿದು, ಒಡೆದು ತಂದ ಕೊಬ್ಬರಿ ಅದು. ಪರದೆಯ ಮೇಲೆ ಮೂಡುವ ಆ ದರದಲ್ಲಿ ಒಂದು ಮನೆಯ ವರ್ಷದ ಲೆಕ್ಕ ಇರುತ್ತದೆ.

ಅದಕ್ಕೇ ಹೇಳುತ್ತೇನೆ, ನಡೆಯುತ್ತಿರುವ ಸರ್ವರನ್ನು ಕೀಳಬೇಡಿ. ಸಂಘದ ಅಪಾಚೆ ಸರ್ವರ್ 80 ಮತ್ತು 443ನೇ ಪೋರ್ಟಿನಲ್ಲಿ ಕೂತು ದರಪಟ್ಟಿ ತೋರಿಸುತ್ತಿದ್ದರೆ ಅದು ಅಲ್ಲೇ ಇರಲಿ. ನಿಮ್ಮ ಜಾವಾ ಅಪ್ಲಿಕೇಶನ್ ನಡೆಸುವ ಟಾಮ್‌ಕ್ಯಾಟ್ ಅದರ ಹಿಂದೆ ನಿಲ್ಲಲಿ. ತೆಂಗಿನ ಸಾಲಿನ ನಡುವೆ ಕೋಕೋ ಹಾಕುವವನು ಮರದ ಬೇರು ಕಡಿಯುವುದಿಲ್ಲ. ಟೆಂಡರಿನ ಹಾದಿಯನ್ನಷ್ಟೇ ಪ್ರಾಕ್ಸಿಪಾಸ್ ಸಾಲಿನಿಂದ ಹಿಂದಕ್ಕೆ ಕಳಿಸಿ, ಮಿಕ್ಕ ಪುಟಗಳನ್ನು ಮುಟ್ಟಬೇಡಿ.

ಹಿಂದಿನ ಬಾಗಿಲು ಹೊರಗಿನವರಿಗೆ ಕಾಣಬಾರದು. ಟಾಮ್‌ಕ್ಯಾಟ್ ಅದೇ ಯಂತ್ರದಲ್ಲಿದ್ದರೆ 127.0.0.1 ವಿಳಾಸದಲ್ಲಿ ಮಾತ್ರ ಕಿವಿಗೊಡಲಿ. 8009ನೇ ಪೋರ್ಟಿನ ಎಜೆಪಿ ಬಾಗಿಲನ್ನು ತೆರೆದಿಟ್ಟವರಿಗೆ 2020ರ ಫೆಬ್ರವರಿಯಲ್ಲಿ ಬೆಳಕಿಗೆ ಬಂದ 'ಘೋಸ್ಟ್‌ಕ್ಯಾಟ್' ದೋಷ ಪಾಠ ಕಲಿಸಿತು. ಅದರಿಂದ ಅಪ್ಲಿಕೇಶನ್ನಿನೊಳಗಿನ ಕಡತಗಳನ್ನು ಹೊರಗಿನವರು ಓದಬಹುದಿತ್ತು. ಆಮೇಲಿನ ಆವೃತ್ತಿಗಳಲ್ಲಿ ಎಜೆಪಿ ತಾನಾಗಿ ತೆರೆಯುವುದಿಲ್ಲ, ತೆರೆದರೆ ಗುಟ್ಟಿನ ಪದ ಕೇಳುತ್ತದೆ. ಹೊಸದಾಗಿ ಜೋಡಿಸುವವರು 8080ನೇ ಪೋರ್ಟಿಗೆ ಸಾದಾ ಎಚ್‌ಟಿಟಿಪಿ ಪ್ರಾಕ್ಸಿ ಹಾಕಿದರೆ ಸಾಕು.

ಮುಂದೆ ಯಾವ ಹೆಸರಿನ ಹಾದಿಯೋ ಹಿಂದೆಯೂ ಅದೇ ಹೆಸರಿರಲಿ. ಮುಂದೆ 'ಲಾಟ್', ಹಿಂದೆ 'ಟೆಂಡರ್' ಎಂದಿಟ್ಟರೆ ಏನಾಗುತ್ತದೆ ನೋಡಿ. ಟಾಮ್‌ಕ್ಯಾಟ್ ಕೊಡುವ ಸೆಷನ್ ಕುಕಿಯ ಮೇಲೆ 'ಟೆಂಡರ್' ಹಾದಿ ಬರೆದಿರುತ್ತದೆ, 'ಲಾಟ್' ಪುಟಕ್ಕೆ ಬ್ರೌಸರ್ ಅದನ್ನು ಕಳಿಸುವುದೇ ಇಲ್ಲ. ವರ್ತಕ ಸರಿಯಾದ ಪಾಸ್‌ವರ್ಡ್ ಕೊಟ್ಟರೂ ಲಾಗಿನ್ ಪುಟವೇ ಮತ್ತೆ ಮತ್ತೆ ಬರುತ್ತದೆ. ಕುಕಿಯ ಹಾದಿ ತಿದ್ದುವ ಸೂಚನೆಯೂ ಅಪಾಚೆಯಲ್ಲಿದೆ, ಆದರೆ ಹೆಸರು ಒಂದೇ ಇದ್ದರೆ ಆ ತಾಪತ್ರಯವೇ ಬೇಡ.

ಇನ್ನೊಂದನ್ನು ಯಾರೂ ಮೊದಲ ದಿನ ನೋಡುವುದಿಲ್ಲ. ಪ್ರಾಕ್ಸಿ ಹಿಂದೆ ನಿಂತ ಟಾಮ್‌ಕ್ಯಾಟಿನ ಲಾಗಿನಲ್ಲಿ ಎಲ್ಲರ ವಿಳಾಸವೂ 127.0.0.1 ಎಂದೇ ಬೀಳುತ್ತದೆ. ನಾಳೆ "ಈ ದರ ನಾನು ಹಾಕಿಲ್ಲ" ಎಂದು ಒಬ್ಬರು ತಕರಾರು ತೆಗೆದರೆ ಆ ಲಾಗಿನಿಂದ ಏನೂ ತಿಳಿಯುವುದಿಲ್ಲ. ರಿಮೋಟ್‌ಐಪಿ ವಾಲ್ವ್ ಹಾಕಿ, ಅದು ಕೊಡುವ ನಿಜವಾದ ವಿಳಾಸವನ್ನೇ ಬಳಸಲು ಲಾಗ್ ಬರೆಯುವ ವಾಲ್ವಿಗೂ ಹೇಳಿ. ರೈತನಿಗೂ ವರ್ತಕನಿಗೂ ನ್ಯಾಯ ಹೇಳುವ ದಾಖಲೆ ಅದು.

ಟೆಂಡರ್ ನಡೆಯುವ ಹೊತ್ತಿನಲ್ಲಿ ಟಾಮ್‌ಕ್ಯಾಟ್ ಮುಟ್ಟಬೇಡಿ. ಅದು ಒಮ್ಮೆ ಸಂಪರ್ಕಕ್ಕೆ ಸಿಗದಿದ್ದರೆ ಅಪಾಚೆ, ಬೇರೆ ಹೇಳದ ಹೊರತು, 60 ಸೆಕೆಂಡು ಅದರ ಕಡೆ ತಿರುಗಿ ನೋಡುವುದಿಲ್ಲ. ನೀವು ಮತ್ತೆ ಶುರು ಮಾಡಿದ ಮೇಲೂ ಜನರಿಗೆ 503 ಕಾಣುತ್ತಿರುತ್ತದೆ. ಎಲ್ಲರೂ ದರ ಹಾಕಲು ಮುಗಿಬೀಳುವ ಕೊನೆಯ ನಿಮಿಷವೇ ಹೀಗೆ ಹೋದರೆ ಲಾಟಿನ ದರವೇ ಕಡಿಮೆಯಾಗಬಹುದು. ಅಪಾಚೆಯ ಸಂರಚನೆ ಬದಲಿಸುವುದಾದರೂ ಮೊದಲು ಕಾನ್ಫಿಗ್‌ಟೆಸ್ಟ್, ಆಮೇಲೆ ಗ್ರೇಸ್‌ಫುಲ್. ಆಗ ನಡೆಯುತ್ತಿರುವ ಕೋರಿಕೆಗಳು ಕಡಿದುಹೋಗುವುದಿಲ್ಲ.

ಕೆಲಸ ಒಪ್ಪಿಸುವ ದಿನ ಯಾವ ಹಾದಿ ಯಾವ ಪೋರ್ಟಿಗೆ ಹೋಗುತ್ತದೆ, ಯಾವುದು ನಿಂತರೆ ಯಾವುದನ್ನು ಮೊದಲು ಶುರು ಮಾಡಬೇಕು, ಲಾಗ್ ಎಲ್ಲಿದೆ ಎಂದು ಕನ್ನಡದಲ್ಲಿ ಒಂದು ಹಾಳೆ ಬರೆದು ಸಂಘದ ಆಪರೇಟರ್ ಕೈಗೆ ಕೊಡಿ. ನೀವು ಕೂತು ನೋಡುತ್ತಿರುವಾಗಲೇ ಅವರು ಒಮ್ಮೆ ನಿಲ್ಲಿಸಿ ಶುರು ಮಾಡಲಿ. ನೀವು ಬೆಂಗಳೂರಿಗೆ ಹೋದ ಮೇಲೂ ಅದನ್ನು ನಡೆಸಬೇಕಾದವರು ಅವರೇ.