ಬೆಟ್ಟದ ಜಲ್ಲಿ ದಾರಿಗೆ ಒಂಟಿ ಸೈಕಲ್: ಮೊದಲು ನೀರಿನ ಲೆಕ್ಕ

ಬೆಂಗಳೂರಿನ ಬಾಣಸವಾಡಿಯಿಂದಲೋ ಕಮ್ಮನಹಳ್ಳಿಯಿಂದಲೋ ಸೈಕಲ್ಲಿಗೆ ಟೆಂಟು ಕಟ್ಟಿಕೊಂಡು ಒಬ್ಬರೇ ಬೆಟ್ಟದ ಜಲ್ಲಿ ದಾರಿ ಹಿಡಿಯಬೇಕೆನ್ನುವವರಿಗೆ ಕೋಲಾರದ ಶತಶೃಂಗ ಬೆಟ್ಟಸಾಲು ಕೈಗೆಟಕುವ ದೂರದಲ್ಲಿದೆ. ಕೆ.ಆರ್. ಪುರ, ಹೊಸಕೋಟೆ ದಾಟಿದ ಮೇಲೆ ಲಾರಿಗಳ ಹೆದ್ದಾರಿ ಬಿಟ್ಟು ನಂದಗುಡಿ, ವೇಮಗಲ್ ಕಡೆಯ ಹಳ್ಳಿ ರಸ್ತೆಗಳಲ್ಲಿ ಸಾಗಿದರೆ ಒಂದೇ ಹಗಲಿನಲ್ಲಿ ಬೆಟ್ಟದ ಬುಡ ಸೇರಬಹುದು. ಅಂತರಗಂಗೆಯ ಬೆನ್ನಿಗಿರುವ ಈ ಬೆಟ್ಟದ ಮೇಲೆ ತೇರಹಳ್ಳಿಯಂಥ ಊರುಗಳಿವೆ. ಮಲೆನಾಡೇ ಚೆಂದವಲ್ಲವೇ ಎಂದು ಕೇಳುವವರಿದ್ದಾರೆ. ಚೆಂದ ನಿಜ. ಆದರೆ ಅಲ್ಲಿ ಕಾಡಿನ ಅನುಮತಿ, ಆನೆ, ಜಿಗಣೆ, ಮಳೆ ಎಲ್ಲವನ್ನೂ ಮೊದಲ ಸಲವೇ ಒಬ್ಬರೇ ಎದುರಿಸಬೇಕಾಗುತ್ತದೆ. ಡಿಸೆಂಬರಿನಿಂದ ಫೆಬ್ರುವರಿಯವರೆಗೆ ಕೋಲಾರದಲ್ಲಿ ಬಹುಮಟ್ಟಿಗೆ ಒಣ ಹವೆ, ಹತ್ತಿರದಲ್ಲೇ ಊರುಗಳು. ಇಲ್ಲಿ ನಿಜವಾಗಿ ಕಾಡುವುದು ನೀರು. ಹಾಗಾಗಿ ಯಾವ ಸೈಕಲ್ಲು, ಎಂಥ ಟೆಂಟು ಎಂಬುದಕ್ಕಿಂತ ಮೊದಲು ನೀರಿನ ಲೆಕ್ಕ ಹಾಕಬೇಕು. ಉಳಿದ ಸಾಮಾನೆಲ್ಲ ಆ ಲೆಕ್ಕಕ್ಕೆ ಹೊಂದಿಕೊಳ್ಳಬೇಕು.

ಕೋಲಾರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿಯೇ ಇಲ್ಲ. ಕೆರೆಗಳು ತುಂಬಿ ಕಾಣುತ್ತವೆ, ಫಿಲ್ಟರ್ ಒಯ್ದರೆ ಸಾಲದೇ ಎನ್ನಬಹುದು. ಸಾಲದು. 2018ರಿಂದ ಕೋಲಾರದ ಹಲವು ಕೆರೆಗಳಿಗೆ ಹರಿಯುತ್ತಿರುವುದು ಕೋರಮಂಗಲ–ಚಲ್ಲಘಟ್ಟ ಕಣಿವೆಯಲ್ಲಿ ಸಂಸ್ಕರಿಸಿದ ಬೆಂಗಳೂರಿನ ಕೊಳಚೆ ನೀರು. ಚಿಕ್ಕಬಳ್ಳಾಪುರದ ಕಡೆಗೆ ಹೋದರೂ ಅಷ್ಟೇ, ಅಲ್ಲಿನ ಕೆರೆಗಳಿಗೆ ಹೋಗುವುದು ಹೆಬ್ಬಾಳ–ನಾಗವಾರ ಕಣಿವೆಯ ನೀರು, ಅದೂ ಬೆಂಗಳೂರಿನ ಮನೆಗಳಿಂದ ಬಂದು ಸಂಸ್ಕರಿಸಿದ್ದೇ. ಅಂತರ್ಜಲ ಹೆಚ್ಚಿಸಲು ಇದು ಉಪಯುಕ್ತ, ಕುಡಿಯಲು ಮಾಡಿದ್ದಲ್ಲ. ಕೈಯಲ್ಲಿ ಹಿಡಿಯುವ ಸಣ್ಣ ಫಿಲ್ಟರ್ ಬ್ಯಾಕ್ಟೀರಿಯಾ ತಡೆಯುತ್ತದೆ, ನೀರಿನಲ್ಲಿ ಕರಗಿದ ರಾಸಾಯನಿಕವನ್ನು ತಡೆಯದು. ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಇದೆ, ಕುದಿಸಿದರೂ ಅದು ಹೋಗದು. ಎರಡು ದಿನ ಕುಡಿದ ಮಾತ್ರಕ್ಕೆ ಹಲ್ಲು, ಮೂಳೆಗೆ ಕೇಡಾಗುವುದಿಲ್ಲ, ಅದು ವರ್ಷಗಟ್ಟಲೆ ಕುಡಿದವರಿಗೆ ಬರುವ ಕಾಯಿಲೆ. ಆದರೂ ಊರೂರಲ್ಲಿ ಶುದ್ಧ ಕುಡಿಯುವ ನೀರಿನ ಘಟಕಗಳಿರುವಾಗ ಅಲ್ಲೇ ತುಂಬಿಸಿಕೊಳ್ಳಿ. ಅದಕ್ಕಾಗಿ ಜೇಬಿನಲ್ಲಿ ನಾಣ್ಯಗಳಿರಲಿ. ಬಿಸಿಲಲ್ಲಿ ತುಳಿಯುವಾಗ ಗಂಟೆಗೆ ಅರ್ಧ ಲೀಟರಿಗೆ ಕಮ್ಮಿ ಸಾಲದು. ಬೆಟ್ಟದ ಬುಡದ ಊರಿನಲ್ಲಿ ಐದು ಲೀಟರ್ ತುಂಬಿಸಿಕೊಂಡರೆ ಏರು, ರಾತ್ರಿ, ಮರುದಿನದ ಬೆಳಗು ಕಳೆಯುತ್ತದೆ. ಮೇಲೂ ಊರಿದೆಯಲ್ಲ ಎಂಬ ಭರವಸೆ ಬೇಡ: ಕರೆಂಟು ಹೋದರೆ ಮೋಟಾರು ನಿಲ್ಲುತ್ತದೆ, ನಲ್ಲಿಯೂ ನಿಲ್ಲುತ್ತದೆ.

ಐದು ಲೀಟರ್ ಎಂದರೆ ಐದು ಕಿಲೋ. ಗುಂಪಿನಲ್ಲಿ ಹೋದರೆ ಟೆಂಟು, ಪಂಪು, ಪಾತ್ರೆ ಹಂಚಿಕೊಳ್ಳಬಹುದು. ಒಂಟಿಯಾಗಿ ಹೋಗುವವರಿಗೆ ಆ ಅನುಕೂಲ ಇಲ್ಲ. ಟೆಂಟು ಎರಡು ಕಿಲೋ, ಹಾಸಿಗೆ ಹೊದಿಕೆ ಎರಡು ಕಿಲೋ, ಬಟ್ಟೆ, ಪಂಕ್ಚರ್ ಸಾಮಾನು, ಟ್ಯೂಬು, ಪಂಪು, ತಿಂಡಿ ಸೇರಿ ನಾಲ್ಕು. ನೀರೂ ಕೂಡಿದರೆ ಹದಿಮೂರು. ಇದರ ಮೇಲೆ ಒಲೆಯನ್ನು ಹೊರಬೇಡಿ ಎಂಬುದು ನನ್ನ ಖಚಿತ ಸಲಹೆ. ಒಲೆಯ ತೂಕ ಒಂದು ಕಡೆಯಾದರೆ, ಬೇಯಿಸಲು, ಪಾತ್ರೆ ತೊಳೆಯಲು ಬೇಕಾಗುವ ನೀರು ಇನ್ನೊಂದು ಕಡೆ. ರಾಗಿ ಹುರಿಹಿಟ್ಟಿಗೆ ಬೆಲ್ಲ, ಸ್ವಲ್ಪ ನೀರು ಬೆರೆಸಿದರೆ ಊಟವಾಯಿತು, ಜತೆಗೆ ಕಡಲೆಬೀಜ, ಬಾಳೆಹಣ್ಣು. ಚಳಿಯಲ್ಲಿ ಬಿಸಿ ಊಟ ಬೇಡವೇ? ಬೇಕೆನಿಸುತ್ತದೆ, ಒಪ್ಪುತ್ತೇನೆ. ಒಂದು ರಾತ್ರಿಯ ಆ ಆಸೆಯನ್ನು ಬೆಳಗ್ಗೆ ಕೋಲಾರದ ಯಾವುದೇ ಹೋಟೆಲಿನ ಇಡ್ಲಿ ತೀರಿಸುತ್ತದೆ.

ಇಷ್ಟಾದ ಮೇಲೂ ಉಳಿಯುವ ಭಾರವನ್ನು ಗೇರ್ ಹೊರಬೇಕು. ಸವಾರ, ಸೈಕಲ್ಲು, ಸಾಮಾನು ಸೇರಿ 95 ಕಿಲೋ ಎಂದುಕೊಳ್ಳಿ. ನೂರು ಮೀಟರಿಗೆ ಎಂಟು ಮೀಟರ್ ಏರುವ ಜಲ್ಲಿ ದಾರಿಯಲ್ಲಿ, ಮುಂದೆ 42 ಹಲ್ಲು, ಹಿಂದೆ 28 ಹಲ್ಲಿನ ಗೇರಿನಲ್ಲಿ ನಿಮಿಷಕ್ಕೆ 60 ಸುತ್ತು ತುಳಿಯಲು ಸುಮಾರು 290 ವಾಟ್ ಶಕ್ತಿ ಬೇಕು. ಅದು ಪಳಗಿದ ಸ್ಪರ್ಧಾಳುವಿನ ಕೆಲಸ. ಮುಂದೆ 26, ಹಿಂದೆ 34 ಇದ್ದರೆ 150 ವಾಟ್ ಸಾಕು. ವೇಗ ಗಂಟೆಗೆ ಆರು ಕಿಲೋಮೀಟರಿಗೆ ಇಳಿಯುತ್ತದೆ, ಇಳಿಯಲಿ. ದುಬಾರಿ ಸೈಕಲ್ಲಿಗೆ ಹಣ ಸುರಿಯುವ ಬದಲು ಹಳೆಯ ಮೌಂಟನ್ ಬೈಕಿಗೆ ಹಿಂದೆ ದೊಡ್ಡ ಗೇರ್ ಹಾಕಿಸಿ. ಎರಡಿಂಚಿನ ಟೈರಿಗೆ 40 ಪಿಎಸ್‌ಐ ಸುತ್ತಮುತ್ತ ಗಾಳಿ, ಜಾಲಿ ಮುಳ್ಳಿಗೆ ಟ್ಯೂಬಿನೊಳಗೆ ಸೀಲಂಟ್. ನೀರನ್ನೆಲ್ಲ ಹಿಂದಿನ ಕ್ಯಾರಿಯರಿಗೆ ಕಟ್ಟಿದರೆ ಏರಿನಲ್ಲಿ ಮುಂಚಕ್ರ ಹಗುರಾಗಿ ಅತ್ತಿತ್ತ ಎಳೆಯುತ್ತದೆ. ಬಾಟಲಿಗಳನ್ನು ಫ್ರೇಮಿನ ನಡುವೆ, ಮುಂದಿನ ಫೋರ್ಕಿನ ಎರಡೂ ಬದಿಗೆ, ಆದಷ್ಟು ಕೆಳಗೆ ಕಟ್ಟಿ.

ಸಂಜೆ ಐದರೊಳಗೆ ಮಲಗುವ ಜಾಗ ಗೊತ್ತಾಗಿರಬೇಕು. ಬೆಟ್ಟದಲ್ಲಿ ಅರಣ್ಯ ಇಲಾಖೆಯ ಜಾಗವೂ ಇದೆ, ಚಿರತೆಯೂ ಇದೆ. ಆದ್ದರಿಂದ ಊರ ಹಿರಿಯರನ್ನು ಕೇಳಿ ದೇವಸ್ಥಾನದ ಅಂಗಳದಲ್ಲೋ ಶಾಲೆಯ ಬಯಲಿನಲ್ಲೋ ಟೆಂಟು ಹಾಕಿ. ಒಂಟಿತನ ಬಯಸಿ ಬಂದವರಿಗೆ ಇದು ರುಚಿಸದಿರಬಹುದು, ಆದರೆ ದಿನವಿಡೀ ದಾರಿಯಲ್ಲಿ ಒಂಟಿತನ ಸಿಕ್ಕಿರುತ್ತದೆ. ಬೆಂಕಿ ಹಾಕಬೇಡಿ, ಒಣಹುಲ್ಲು ಕ್ಷಣದಲ್ಲಿ ಹತ್ತಿಕೊಳ್ಳುತ್ತದೆ. ಬಂಗಾರಪೇಟೆ ತಾಲ್ಲೂಕಿನ ಕಾಮಸಮುದ್ರದ ಕಡೆ ಆನೆಗಳ ಓಡಾಟವಿರುವುದರಿಂದ ಅಲ್ಲಿ ರಾತ್ರಿ ತಂಗುವ ಯೋಚನೆ ಬೇಡ. ದಾರಿಯ ನಕ್ಷೆ, ಮಲಗುವ ಊರಿನ ಹೆಸರು ಮನೆಯವರ ಬಳಿ ಇರಲಿ.

ಬೆಳಗ್ಗೆ ಇಳಿಯುವಾಗ ಬ್ರೇಕನ್ನು ಒಂದೇ ಸಮನೆ ಒತ್ತಿ ಹಿಡಿದರೆ ರಿಮ್ ಕಾಯುತ್ತದೆ. ತಿರುವಿಗೆ ಮೊದಲೇ ಎರಡೂ ಬ್ರೇಕು ಹಿಡಿದು ವೇಗ ತಗ್ಗಿಸಿ, ತಿರುವಿನಲ್ಲಿ ಸಡಿಲಿಸಿ. ಬ್ರೇಕ್ ಪ್ಯಾಡ್ ಅರ್ಧ ಸವೆದಿದ್ದರೂ ಹೊರಡುವ ಮುನ್ನವೇ ಬದಲಿಸಿ. ಹದಿಮೂರು ಕಿಲೋ ಹೊತ್ತು ಇಳಿಯುವ ಸೈಕಲ್ಲು ಖಾಲಿ ಸೈಕಲ್ಲು ನಿಂತಷ್ಟು ಬೇಗ ನಿಲ್ಲದು.