ಇದ್ದಿಲಿನ ಕಪ್ಪು, ಹಾಳೆಯ ಬಿಳುಪು

ಚಿತ್ರಕಲಾ ಶಾಲೆಯ ಮೆಟ್ಟಿಲು ಹತ್ತದ ನನಗೆ ನೋಡುವುದನ್ನು ಕಲಿಸಿದ್ದು ಇದ್ದಿಲು. ಪೆನ್ಸಿಲ್ ಹಿಡಿದರೆ ಮನಸ್ಸು ಗೆರೆಯ ಬೆನ್ನು ಹತ್ತುತ್ತದೆ: ಮೂಗಿನ ಗೆರೆ, ತುಟಿಯ ಗೆರೆ. ಇದ್ದಿಲ ಕಡ್ಡಿಯನ್ನು ಹಾಳೆಯ ಮೇಲೆ ಅಡ್ಡ ಮಲಗಿಸಿ ಎಳೆದರೆ ಬರುವುದು ನೆರಳು. ಮುಖದಲ್ಲಿ ಗೆರೆಗಳೇ ಇಲ್ಲ, ಬೆಳಕು ಬಿದ್ದ ಕಡೆ, ಬೀಳದ ಕಡೆ ಅಷ್ಟೇ ಇವೆ ಎಂದು ನನಗೆ ಹೊಳೆದದ್ದು ಆಗ. ಈಗಲೂ ವಯಸ್ಸಾದವರನ್ನು ಬಿಡಿಸುವಾಗ ಕಣ್ಣು ಅರೆಮುಚ್ಚಿ ನೋಡುತ್ತೇನೆ. ಸುಕ್ಕುಗಳು ಮಾಯವಾಗಿ ಕಣ್ಣಗುಳಿಯ, ಗಲ್ಲದಡಿಯ ಕಪ್ಪು ಉಳಿಯುತ್ತದೆ. ಅದನ್ನು ಮೊದಲು ಹಾಕಿಕೊಂಡರೆ ಹೋಲಿಕೆ ಅರ್ಧ ಬಂದ ಹಾಗೆ.

ಹಾಳೆಯೂ ಮುಖ್ಯ. ನುಣುಪಾದ ಹಾಳೆಯಲ್ಲಿ ಪುಡಿ ನಿಲ್ಲದೆ ಜಾರುತ್ತದೆ, ತುಸು ತರಿ ಇರಬೇಕು.

ನನಗೆ ಅತಿ ಪ್ರಿಯವಾದ ಕ್ರಮವೆಂದರೆ ಇಡೀ ಹಾಳೆಯನ್ನು ಬೂದು ಮಾಡಿಕೊಂಡು, ಅದರೊಳಗಿಂದ ಬೆಳಕನ್ನು ಎತ್ತಿ ತೆಗೆಯುವುದು. ಚಪಾತಿ ಹಿಟ್ಟಿನಂತೆ ನಾದಬಹುದಾದ ಮೆತ್ತನೆಯ ರಬ್ಬರ್ ಸಿಗುತ್ತದೆ. ಉಜ್ಜಬಾರದು, ಚೂಪು ಮಾಡಿ ಒತ್ತಿ ಎತ್ತಬೇಕು. ಕಣ್ಣಿನ ಹೊಳಪು ಒಂದು ಚುಕ್ಕೆಯಾಗಿ ಮೇಲೆ ಬರುತ್ತದೆ. ಹಿಂದೆ ಯುರೋಪಿನ ಕಲಾವಿದರು ಇದಕ್ಕೆ ಬ್ರೆಡ್ಡಿನ ತಿರುಳು ಬಳಸುತ್ತಿದ್ದರು.

ಭಾವಚಿತ್ರ ಬರೆಸುವವರು ಸಾಮಾನ್ಯವಾಗಿ ಕೇಳುವುದು ಫೋಟೋದಂಥ ನಯ. ನಾನು ಅದಕ್ಕೆ ಒಪ್ಪುವುದಿಲ್ಲ. ಬೆರಳಿನಿಂದ ಎಲ್ಲವನ್ನೂ ತೀಡಿ ನುಣುಪು ಮಾಡಿದರೆ ಕೈಯ ಓಟ ಸತ್ತುಹೋಗುತ್ತದೆ. ಜರ್ಮನಿಯ ಕಲಾವಿದೆ ಕೇಥೆ ಕೋಲ್ವಿಟ್ಸ್ 1933ರಲ್ಲಿ, ತಾನು ಚಿತ್ರ ಬಿಡಿಸುತ್ತಿರುವುದನ್ನೇ ಇದ್ದಿಲಿನಲ್ಲಿ ಬಿಡಿಸಿದರು. ಮುಖ ಗಂಭೀರ, ಇದ್ದಿಲು ಹಿಡಿದ ಕೈ ಸ್ಪಷ್ಟ. ನಡುವಿನ ತೋಳು ಮಾತ್ರ ಒಂದೇ ರಭಸದ ಅಂಕುಡೊಂಕು ಗೀಟು! ಆ ಚಿತ್ರದ ಅಚ್ಚುಪ್ರತಿ ನೋಡಿದಂದಿನಿಂದ ಎಲ್ಲಿ ನಿಲ್ಲಿಸಬೇಕೆಂದು ಯೋಚಿಸುವಾಗಲೆಲ್ಲ ಆ ತೋಳನ್ನು ನೆನೆಯುತ್ತೇನೆ.

ಕಡ್ಡಿಗಳನ್ನು ಮನೆಯಲ್ಲೇ ಮಾಡಿಕೊಳ್ಳಬಹುದು. ತೊಗಟೆ ಸುಲಿದು ಒಣಗಿಸಿದ ಸಣ್ಣ ರೆಂಬೆಗಳನ್ನು ಮುಚ್ಚಳವಿರುವ ತಗಡಿನ ಡಬ್ಬಿಗೆ ಒತ್ತಾಗಿ ತುಂಬಿ, ಮುಚ್ಚಳಕ್ಕೊಂದು ಸಣ್ಣ ತೂತು ಕೊರೆದು, ಬಯಲಲ್ಲಿ ಬೆಂಕಿಗಿಡಬೇಕು. ಒಳಗೆ ಗಾಳಿಯಾಡದ್ದರಿಂದ ಕಟ್ಟಿಗೆ ಉರಿದು ಬೂದಿಯಾಗದೆ ಕರಿಯಾಗುತ್ತದೆ. ತೂತಿನಿಂದ ಹೊಗೆ ನಿಂತರೆ ಬೆಂದಿದೆ ಎಂದರ್ಥ. ಪೂರ್ತಿ ತಣ್ಣಗಾಗುವ ಮೊದಲು ಮುಚ್ಚಳ ತೆರೆದರೆ ಗಾಳಿ ತಗುಲಿ ಹೊತ್ತಿಕೊಳ್ಳುತ್ತದೆ.

ಬೆಂಗಳೂರಿನ ಚಿತ್ರಸಂತೆಯಲ್ಲಿ ಜನ ಕೇಳುತ್ತಾರೆ, "ಇದು ಮಾಸುವುದಿಲ್ಲವೇ?" ಇಂಗಾಲ ಬಿಸಿಲಿಗೆ ಮಾಸುವುದಿಲ್ಲ. ಫ್ರಾನ್ಸಿನ ಶೋವೆ ಗುಹೆಯಲ್ಲಿ ಇದ್ದಿಲಿನ ಕುದುರೆಗಳು 30,000 ವರ್ಷಗಳಾಚೆಯಿಂದ ಉಳಿದಿವೆ. ಅಪಾಯವಿರುವುದು ಉಜ್ಜುವುದರಿಂದ. ಹಾಗಾಗಿ ಪುಡಿಯನ್ನು ಹಾಳೆಗೆ ಹಿಡಿಸುವ ಫಿಕ್ಸೇಟಿವ್ ಸಿಂಪಡಿಸಿ, ಗಾಜು ಚಿತ್ರಕ್ಕೆ ತಾಗದಂತೆ ನಡುವೆ ದಪ್ಪ ಮೌಂಟ್ ಇಟ್ಟು ಕಟ್ಟಿಸಿ ಎಂದು ಕೊಂಡವರಿಗೆಲ್ಲ ಹೇಳಿ ಕಳಿಸುತ್ತೇನೆ.