ಸಿಲಿಯರಿ ಸ್ನಾಯು: ಬಿಗಿದಾಗ ಮಸೂರ ಉಬ್ಬುವುದೇಕೆ?

ಕಣ್ಣಿನ ಮಸೂರದ ಸಂಗಮದೂರವನ್ನು ಹೊಂದಿಸುವುದು ಸಿಲಿಯರಿ ಸ್ನಾಯು. ಪಾಪೆಯ ಗಾತ್ರ ಬದಲಿಸುವ ಐರಿಸ್ ಅಲ್ಲ. ಈ ಸ್ನಾಯು ಬಿಗಿದರೆ ಮಸೂರ ಜಗ್ಗಿ ತೆಳುವಾಗಬೇಕಲ್ಲವೇ ಎಂಬ ಆಕ್ಷೇಪ ಸಹಜ. ಆದರೆ ಅದು ಮಸೂರದ ಸುತ್ತ ಉಂಗುರದಂತಿದೆ. ಬಿಗಿದಾಗ ಉಂಗುರ ಕಿರಿದಾಗಿ, ಮಸೂರವನ್ನು ಹಿಡಿದ ತಂತುಗಳು ಸಡಿಲಗೊಳ್ಳುತ್ತವೆ. ಆಗ ಮಸೂರ ತನ್ನ ಸ್ಥಿತಿಸ್ಥಾಪಕ ಗುಣದಿಂದ ಉಬ್ಬಿ, ಸಂಗಮದೂರ ತಗ್ಗಿ, 25 ಸೆಂ.ಮೀ. ದೂರದ ಅಕ್ಷರ ಸ್ಪಷ್ಟವಾಗುತ್ತದೆ. 1855ರಲ್ಲಿ ವಿಜ್ಞಾನಿ ಹೆಲ್ಮ್‌ಹೋಲ್ಟ್ಸ್ ಮಂಡಿಸಿದ ವಿವರಣೆ ಇದೇ.

ಬೆಳಕನ್ನು ಹೆಚ್ಚು ಬಾಗಿಸುವುದು ಕಣ್ಣಿನ ಮುಂಭಾಗದ ಪಾರದರ್ಶಕ ಪದರವಾದ ಕಾರ್ನಿಯಾ ತಾನೇ ಎನ್ನಬಹುದು. ನಿಜ, ಆದರೆ 1801ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ವಿಜ್ಞಾನಿ ಥಾಮಸ್ ಯಂಗ್ ಕಣ್ಣಿಗೆ ನೀರು ತಾಗಿಸಿ ಕಾರ್ನಿಯಾದ ಪ್ರಭಾವ ಅಳಿಸಿದರೂ ಸಂಗಮದೂರದ ಹೊಂದಾಣಿಕೆ ಉಳಿದಿತ್ತು. ನಲವತ್ತರ ಬಳಿಕ ಓದಲು ಕನ್ನಡಕ ಬೇಕಾಗುವುದಕ್ಕೂ ಮುಖ್ಯ ಕಾರಣ ಸ್ನಾಯುವಿನ ದಣಿವಲ್ಲ, ಮಸೂರದ ಗಡಸುತನ. ನೆನಪಿಡಿ: ಸ್ನಾಯು ಬಿಗಿದರೆ ಹತ್ತಿರದ ನೋಟ, ಸಡಿಲಿದರೆ ದೂರದ ನೋಟ.